ಚಿಟ್ಟಿಲಿಗೆ ಆರು ಪೆಟ್ಟಿಗೆ ಇಟ್ಟು ನೋಡಿದೆ: ನನ್ನ ಅನುಭವ

ಇದೆಲ್ಲ ಶುರುವಾಗಿದ್ದು ಒಂದು ಗ್ಲೌಸಿನಿಂದ. ಶೆಡ್ಡಲ್ಲಿ ಮೊಳೆಗೆ ನೇತುಹಾಕಿದ್ದ ನೂಲಿನ ಗ್ಲೌಸು ಒಂದಿನ ನೆಲದ ಮೇಲೆ ಬಿದ್ದಿತ್ತು, ಎತ್ತಿಕೊಂಡ್ರೆ ಎರಡು ಬೆರಳೇ ಇಲ್ಲ, ಉಳಿದಿದ್ದೂ ಅಂಚೆಲ್ಲ ಜೂಲು ಜೂಲು. ಸರಿ, ಇಲಿ ಬಂದಿದೆ ಅಂತ ಗೊತ್ತಾಯ್ತು, ಎಲ್ಲಿ ಸೇರ್ಕೊಂಡಿದೆ ಅಂತ ಹುಡುಕ್ತಾ ಹೋದೆ, ಗೋಣಿಚೀಲ ಎತ್ತಿದೆ, ಹಲಗೆ ಸರಿಸಿದೆ, ಕೊನೆಗೆ ಗೋಡೆಗೆ ಒತ್ತಿಕೊಂಡಿದ್ದ ಹಳೇ ಟೂಲ್ ಬಾಕ್ಸಿನ ಮುಚ್ಚಳ ಎತ್ತಿದ್ರೆ ಸ್ಪ್ಯಾನರುಗಳ ಮಧ್ಯೆ ಮುಷ್ಟಿಗಿಂತ ಸ್ವಲ್ಪ ದೊಡ್ಡದು ಒಂದು ಉಂಡೆ. ಹೊರಗಡೆ ಒಣಹುಲ್ಲು, ಅದರ ಒಳಗೆ ಸಿಮೆಂಟ್ ಚೀಲದ ಕಾಗದ ಪಟ್ಟಿ ಪಟ್ಟಿಯಾಗಿ ಸೀಳಿದ್ದು, ಅದರೊಳಗೆ ನನ್ನ ಗ್ಲೌಸಿನ ಎರಡು ಬೆರಳು. ಆದ್ರೆ ಬೆರಳಿನ ಆಕಾರದಲ್ಲಿ ಅಲ್ಲ, ನೂಲನ್ನ ಎಳೆ ಎಳೆ ಬಿಡಿಸಿ ಹತ್ತಿ ಹಿಂಜಿದ ಹಾಗೆ ಹಿಂಜಿ ಇಟ್ಟಿತ್ತು. ಹೆಣೆದ ನೂಲನ್ನ ಮತ್ತೆ ಹತ್ತಿ ಮಾಡೋದು ಎಷ್ಟು ಕಷ್ಟ ಅಂತ ಒಂದ್ಸಲ ಕೂತು ಟ್ರೈ ಮಾಡಿ ನೋಡಿ. ನಾನು ಮಾಡಿದೆ, ಅರ್ಧ ಗಂಟೆಗೆ ಉಗುರು ನೋವು ಬಂತು, ಆದ್ರೂ ಅಷ್ಟು ನಯವಾಗಿ ಬರ್ಲಿಲ್ಲ.

ಬೋನು ಇಡೋದಾ ಬೇಡ್ವಾ ಅಂತ ಯೋಚ್ನೆ ಮಾಡ್ತಾ ಇದ್ದೆ. ಆ ಶೆಡ್ಡಲ್ಲಿ ಹಾಳಾಗೋಕೆ ಅಂತ ಏನೂ ಇರ್ಲಿಲ್ಲ, ಧಾನ್ಯ ಇಲ್ಲ, ವೈರಿಂಗ್ ಇಲ್ಲ, ಮನೆಗೂ ಅದಕ್ಕೂ ಸಂಬಂಧ ಇಲ್ಲ. ನನಗೆ ಕುತೂಹಲ ಒಂದೇ, ಅಷ್ಟು ಜಾಗ ಖಾಲಿ ಬಿದ್ದಿದ್ರೂ ಅದು ಕಬ್ಬಿಣದ ಆ ಟೂಲ್ ಬಾಕ್ಸನ್ನೇ ಯಾಕೆ ಆರಿಸ್ಕೊಳ್ತು? ಪಕ್ಕದಲ್ಲೇ ಮೆತ್ತಗಿರೋ ಗೋಣಿಚೀಲದ ರಾಶಿ ಇತ್ತಲ್ಲ? ಅಲ್ಲಿಂದ ಪ್ಲೈವುಡ್ ಕುಯ್ಯೋಕೆ ಶುರು ಮಾಡಿದೆ. ಅಮ್ಮ ಬಂದು ನೋಡಿ "ಇಲಿ ಓಡ್ಸೋ ಅಂದ್ರೆ ನೀನು ಅದಕ್ಕೆ ಮನೆ ಕಟ್ಟಿಕೊಡ್ತಿದ್ದೀಯಲ್ಲೋ" ಅಂದ್ರು. "ಓಡಿಸ್ಬೇಕಾದ್ರೆ ಅದಕ್ಕೆ ಎಂಥ ಜಾಗ ಇಷ್ಟ ಅಂತ ಮೊದ್ಲು ಗೊತ್ತಾಗ್ಬೇಕಲ್ಲಮ್ಮ" ಅಂದೆ. ಅರ್ಧ ಸುಳ್ಳು, ಅರ್ಧ ನಿಜ.

ಮೊದ್ಲೇ ಒಂದು ಮಾತು, ನಮ್ಮ ಭಾಷೆಲಿ ಎಲ್ಲವನ್ನೂ ಇಲಿ ಅಂತ ಒಂದೇ ಮೂಟೆಗೆ ಕಟ್ಟಿಬಿಡ್ತೀವಿ. ನಾನು ಹೇಳ್ತಿರೋದು ಚಿಟ್ಟಿಲಿ, ವಿಜ್ಞಾನದ ಹೆಸರು ಮಸ್ ಮಸ್ಕ್ಯುಲಸ್, 15ರಿಂದ 20 ಗ್ರಾಂ ತೂಗೋ ಸಣ್ಣದು. ದೊಡ್ಡ ಇಲಿ ಬೇರೆ, ಹೆಗ್ಗಣ ಬೇರೆ, ಅವುಗಳ ಸ್ವಭಾವನೂ ಬೇರೆ. ದೊಡ್ಡ ಇಲಿ ಹೊಸ ವಸ್ತು ಕಂಡ್ರೆ ದಿನಗಟ್ಟಲೆ ದೂರ ಇರುತ್ತೆ, ಚಿಟ್ಟಿಲಿ ಹಂಗಲ್ಲ, ಹೊಸದೇನಾದ್ರೂ ಇಟ್ರೆ ಅವತ್ತು ರಾತ್ರಿನೇ ಬಂದು ಮೂಸಿ ಹೋಗುತ್ತೆ. ಆದ್ರೆ ಮೂಸೋದು ಬೇರೆ, ಸಂಸಾರ ಹೂಡೋದು ಬೇರೆ, ಅದು ನನಗೆ ಆಮೇಲೆ ಗೊತ್ತಾಗಿದ್ದು.

ಇನ್ನೊಂದು, ಇದನ್ನ ಓದಿ ಯಾರಾದ್ರೂ ಕೈ ಹಾಕೋಕೆ ಹೋಗೋ ಮುಂಚೆ. ಇಲಿ ಹಿಕ್ಕೆ, ಮೂತ್ರ ಇರೋ ಜಾಗನ ಒಣಗಿದ್ದಾಗ ಗುಡಿಸಬೇಡಿ. ಧೂಳಿನ ಜೊತೆ ಹಂಟಾ ವೈರಸ್ ತರದ್ದು ಉಸಿರಿಗೆ ಹೋಗೋ ಅಪಾಯ ಇದೆ, ಮೂತ್ರದಿಂದ ಇಲಿಜ್ವರ ಬರುತ್ತೆ. ಬಾಗಿಲು ಕಿಟಕಿ ತೆಗ್ದು ಅರ್ಧ ಗಂಟೆ ಗಾಳಿ ಆಡೋಕೆ ಬಿಟ್ಟು, ರಬ್ಬರ್ ಗ್ಲೌಸು ಹಾಕ್ಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ನೆನೆಸಿ ಐದು ನಿಮಿಷ ಬಿಟ್ಟು ಆಮೇಲೆ ಬಟ್ಟೆಲಿ ಒರೆಸಿ ತೆಗೀರಿ. ನಾನು ಶುರುವಲ್ಲಿ ಪೊರಕೆ ಹಿಡ್ಕೊಂಡು ಗುಡಿಸಿಬಿಟ್ಟಿದ್ದೆ, ಏನೂ ಆಗ್ಲಿಲ್ಲ, ಅದು ಅದೃಷ್ಟ ಅಷ್ಟೆ.

ಆರು ಪೆಟ್ಟಿಗೆ ಮಾಡಿದೆ. ಎಲ್ಲ ಸುಮಾರು 15 ಸೆಂಟಿಮೀಟರ್ ಉದ್ದ ಅಗಲ ಎತ್ತರ, ಮೇಲೆ ಕೀಲು ಮುಚ್ಚಳ. ವ್ಯತ್ಯಾಸ ಬಾಗಿಲಲ್ಲಿ, ಎರಡಕ್ಕೆ 20 ಮಿಲಿಮೀಟರ್ ತೂತು, ಎರಡಕ್ಕೆ 30, ಎರಡಕ್ಕೆ 50. ಪ್ರತಿ ಜೋಡಿಲಿ ಒಂದಕ್ಕೆ ಒಂದೇ ಬಾಗಿಲು, ಇನ್ನೊಂದಕ್ಕೆ ಎದುರುಬದುರು ಎರಡು. ಬಾಗಿಲ ಮುಂದೆ ರಾತ್ರಿ ಕಾಣೋ ಒಂದು ಇನ್ಫ್ರಾರೆಡ್ ಕ್ಯಾಮೆರಾ, 0.1 ಗ್ರಾಂ ತನಕ ತೋರ್ಸೋ ಒಂದು ಸಣ್ಣ ತಕ್ಕಡಿ, ವೈರಿನ ತುದಿಲಿ ಸೆನ್ಸರ್ ಇರೋ ಎರಡು ಥರ್ಮಾಮೀಟರ್. ಇಷ್ಟೇ ನನ್ನ ಲ್ಯಾಬು. ಗೂಡಿನ ಸಾಮಾನು ಒಳಗೆ ಹಾಕ್ಲಿಲ್ಲ, ಶೆಡ್ಡಿನ ಮಧ್ಯೆ ಒಂದು ತಟ್ಟೆಲಿ ತೂಕ ಮಾಡಿ ಇಡ್ತಿದ್ದೆ, ಒಣಹುಲ್ಲು, ಟಿಶ್ಯೂ ಪೇಪರ್, ಸೆಣಬಿನ ನಾರು, ಹತ್ತಿ. ಬೆಳಗ್ಗೆ ಏನು ಎಷ್ಟು ಕಮ್ಮಿ ಆಗಿದೆ ಅಂತ ತೂಗೋದು.

ಮೊದಲ ಹತ್ತು ದಿನ ಪೂರ್ತಿ ದಂಡ. ಕ್ಯಾಮೆರಾಗೆ ಚೆನ್ನಾಗಿ ಕಾಣ್ಲಿ ಅಂತ ಪೆಟ್ಟಿಗೆಗಳನ್ನ ನೆಲದ ಮಧ್ಯದಲ್ಲಿ ಸಾಲಾಗಿ ಇಟ್ಟಿದ್ದೆ, ಶೋರೂಮ್ ತರ. ವಿಡಿಯೋದಲ್ಲಿ ನೋಡಿದ್ರೆ ಇಲಿ ಗೋಡೆ ಹಿಡ್ಕೊಂಡೇ ಓಡ್ತಾ ಇದೆ, ಒಂದೊಂದ್ಸಲ ಮಧ್ಯಕ್ಕೆ ನುಗ್ಗಿ ಒಂದು ಪೆಟ್ಟಿಗೆ ಮೂಸಿ ಎರಡೇ ಸೆಕೆಂಡಿಗೆ ವಾಪಸ್ ಗೋಡೆಗೆ. ಬಯಲು ಅಂದ್ರೆ ಅದಕ್ಕೆ ಸಾವು, ಮೀಸೆ ಒಂದು ಕಡೆ ಗೋಡೆಗೆ ತಾಗ್ತಾ ಇದ್ರೇನೇ ಅದಕ್ಕೆ ದಾರಿ ದಾರಿ ಅನ್ಸೋದು. ಗೋಡೆ ಬುಡದಲ್ಲಿ ಕಪ್ಪಗೆ ಎಣ್ಣೆಜಿಡ್ಡಿನ ಗೆರೆ ಮೂಡಿರುತ್ತಲ್ಲ, ಅದು ಇವು ಮೈ ಉಜ್ಜಿ ಉಜ್ಜಿ ಆಗಿದ್ದು. ಹನ್ನೊಂದನೇ ದಿನ ಆರನ್ನೂ ಎತ್ತಿ ಆ ಗೆರೆ ಮೇಲೇ ಇಟ್ಟೆ, ತೂತು ಗೋಡೆಗೆ ಬೆರಳಗಲ ದೂರದಲ್ಲಿ ಇರೋ ಹಾಗೆ. ಅವತ್ತು ರಾತ್ರಿನೇ ಆರಕ್ಕೂ ಒಳಗೆ ಹೋಗಿ ಬಂತು. ಮೆತ್ತಗೆ, ಬೆಚ್ಚಗೆ, ದೊಡ್ಡದಾಗಿ ಇರ್ಬೇಕು ಅಂತ ನಾವು ಅಂದ್ಕೊಳ್ತೀವಿ, ಇಲಿಗೆ ಮೊದ್ಲು ಬೇಕಾಗಿದ್ದು ಮನೆಗೆ ಹೋಗೋ ದಾರಿ. ಟೂಲ್ ಬಾಕ್ಸಿನ ಗುಟ್ಟೂ ಅದೇ, ಅದು ಗೋಡೆ ಗೆರೆ ಮೇಲೆ ಕೂತಿತ್ತು, ಗೋಣಿಚೀಲದ ರಾಶಿ ಗೋಡೆಯಿಂದ ಎರಡಡಿ ಈಚೆ.

ಬಾಗಿಲ ವಿಷಯಕ್ಕೆ ಬಂದ್ರೆ, 50 ಮಿಲಿಮೀಟರಿನ ಎರಡನ್ನೂ ಮೊದಲ ವಾರದಲ್ಲೇ ಕೈಬಿಟ್ಟವು. ಅದರಲ್ಲಿ ಕೂತು ಏನೋ ತಿಂತಾ ಇದ್ದಿದ್ದು ಕಾಣ್ತು, ಮಲಗಿದ್ದು ಕಾಣ್ಲಿಲ್ಲ. ಯಾಕೆ ಅಂತ ಒಂದಿನ ಬೆಳಗ್ಗೆ ಗೊತ್ತಾಯ್ತು, ಅದರೊಳಗೆ ಹುರುಳಿಕಾಳಿಗಿಂತ ದೊಡ್ಡ ಹಿಕ್ಕೆ ಬಿದ್ದಿತ್ತು, ಅಂದ್ರೆ ದೊಡ್ಡ ಇಲಿ ಬಂದು ಹೋಗಿದೆ. ದೊಡ್ಡ ಇಲಿ ಚಿಟ್ಟಿಲಿಯನ್ನ ಕೊಂದು ತಿನ್ನುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ, ಎರಡೂ ಅಣ್ಣ ತಮ್ಮ ಇದ್ದ ಹಾಗೆ ಅಂದ್ಕೊಂಡಿರ್ತಾರೆ. ತಲೆಬುರುಡೆ ತೂರಿದ್ರೆ ಚಿಟ್ಟಿಲಿಯ ಉಳಿದ ಮೈ ತಾನಾಗಿ ತೂರುತ್ತೆ, ಆದ್ರಿಂದ 20 ಮಿಲಿಮೀಟರ್ ಅದಕ್ಕೆ ಹೆಬ್ಬಾಗಿಲು, ಬೆಳೆದ ದೊಡ್ಡ ಇಲಿಗೆ ಬರೀ ಮೂಗು ತೂರಿಸೋ ಕಿಂಡಿ. ನಾಲ್ಕನೇ ನಂಬರ್ ಪೆಟ್ಟಿಗೆ, 20ರ ತೂತು ಎರಡು ಇರೋದು, ಅದೇ ಗೆದ್ದಿದ್ದು. ಎರಡನೇ ಸ್ಥಾನ ಒಂದೇ ತೂತಿನ 20ಕ್ಕೆ, ಆದ್ರೆ ಅದು ಬರೀ ಒಂಟಿ ಗಂಡು ಹಗಲು ಮಲಗೋ ಜಾಗ ಆಯ್ತು, ಕಾಗದ ನಾಲ್ಕು ಚೂರು ಎಳ್ಕೊಂಡು ತಟ್ಟೆ ತರ ಹಾಸ್ಕೊಂಡಿತ್ತು, ಅಷ್ಟರಲ್ಲೇ ಅದಕ್ಕೆ ತೃಪ್ತಿ.

ಆ ಎರಡು ಬಾಗಿಲಿನ ಕಥೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ನನಗೆ ಇಡೀ ವರ್ಷದಲ್ಲಿ ತುಂಬಾ ಖುಷಿ ಕೊಟ್ಟಿದ್ದು ಅದು. ಹೆಣ್ಣು ನಾಲ್ಕನೇ ಪೆಟ್ಟಿಗೆಗೆ ಸೇರ್ಕೊಂಡ ಮೂರನೇ ದಿನ ನೋಡಿದ್ರೆ ಹಿಂದಿನ ಬಾಗಿಲು ಮುಚ್ಚಿಹೋಗಿದೆ, ಒಣಹುಲ್ಲು ತುರುಕಿದೆ. ಅಯ್ಯೋ ಎರಡು ಬಾಗಿಲು ಇಷ್ಟ ಇಲ್ಲ ಅಂತಾದ್ರೆ ಒಂದು ಬಾಗಿಲಿಂದಕ್ಕೇ ಹೋಗ್ಬಹುದಿತ್ತಲ್ಲ, ಇದೇನು ಇದರ ಲಾಜಿಕ್ಕು ಅಂತ ತಲೆ ಕೆಡ್ತು. ಆ ಹುಲ್ಲನ್ನ ಕಡ್ಡಿಲಿ ಮುಟ್ಟಿ ನೋಡಿದೆ, ಬಿಗಿಯಾಗಿ ಇರ್ಲಿಲ್ಲ, ಸಡಿಲ. ಎರಡು ವಾರ ಆದ್ಮೇಲೆ ಒಂದು ರಾತ್ರಿ ಬೆಕ್ಕು ಶೆಡ್ಡಿಗೆ ನುಗ್ಗಿ ಮುಂದಿನ ಬಾಗಿಲಿಗೆ ಪಂಜ ಹಾಕ್ತು, ಅದು ಕ್ಯಾಮೆರಾದಲ್ಲಿ ಪೂರ್ತಿ ಬಿದ್ದಿದೆ. ಬೆಕ್ಕಿನ ಪಂಜ ಒಳಗೆ ಹೋದ ಕ್ಷಣದಲ್ಲೇ ಹಿಂದಿನ ಹುಲ್ಲು ಪಟಾಕಿ ಸಿಡಿದ ಹಾಗೆ ಹೊರಗೆ ಚಿಮ್ತು, ಹುಲ್ಲಿನ ಜೊತೆ ಇಲಿನೂ. ಗೋಡೆ ಗೆರೆ ಹಿಡಿದು ಹಲಗೆ ಸಂದಿಗೆ ಮಾಯ. ಬೆಕ್ಕು ಇನ್ನೂ ಮುಂದಿನ ಬಾಗಿಲಲ್ಲೇ ಕೈ ಆಡಿಸ್ತಾ ಕೂತಿದೆ! ಬೆಳಗಿನ ಜಾವ ಹೆಣ್ಣು ವಾಪಸ್ ಬಂದು ಅದೇ ಹುಲ್ಲನ್ನ ಒಂದೊಂದೇ ಎಸಳು ಹೆಕ್ಕಿ ಮತ್ತೆ ಹಿಂಬಾಗಿಲಿಗೆ ತುರುಕಿದ್ದೂ ವಿಡಿಯೋದಲ್ಲಿದೆ.

ಅದನ್ನ ನೋಡಿದ್ಮೇಲೆ ನನಗೆ ಓದಿದ್ದ ಪೆರೊಮಿಸ್ಕಸ್ ಅನ್ನೋ ಅಮೆರಿಕದ ಕಾಡಿಲಿಗಳ ವಿಷಯ ಅರ್ಥ ಆಯ್ತು. ಅವುಗಳಲ್ಲಿ ಓಲ್ಡ್‌ಫೀಲ್ಡ್ ಮೌಸ್ ಅಂತ ಒಂದಿದೆ, ಅದು ಉದ್ದದ ಸುರಂಗ ಕೊರೆದು, ಕೊನೆಗೆ ಗೂಡಿನ ಕೋಣೆ ಮಾಡಿ, ಆ ಕೋಣೆಯ ಇನ್ನೊಂದು ಕಡೆಯಿಂದ ಮೇಲಕ್ಕೆ ತಪ್ಪಿಸ್ಕೊಳ್ಳೋ ಸುರಂಗ ಮಾಡುತ್ತೆ, ಆದ್ರೆ ಅದನ್ನ ನೆಲದ ಮೇಲ್ಮೈವರೆಗೆ ಕೊರೆಯಲ್ಲ, ಸ್ವಲ್ಪ ಮಣ್ಣು ಉಳಿಸುತ್ತೆ. ಹಾವು ಮುಂದಿಂದ ಬಂದ್ರೆ ಆ ಮಣ್ಣು ಒಡ್ಕೊಂಡು ಪರಾರಿ. ಅದರ ನೆಂಟ ಡಿಯರ್ ಮೌಸಿನ ಬಿಲ ಮೋಟು, ಹಿಂಬಾಗಿಲೇ ಇಲ್ಲ. ಹಾರ್ವರ್ಡಿನಲ್ಲಿ ಹೋಪಿ ಹೋಕ್ಸ್ಟ್ರಾ ಅವರ ತಂಡ ಈ ಎರಡನ್ನೂ ಕೂಡಿಸಿ ಮರಿ ಮಾಡಿಸಿ, ಆ ಮರಿಗಳು ಕೊರೆದ ಬಿಲದೊಳಗೆ ಉಬ್ಬೋ ಫೋಮ್ ತುಂಬಿಸಿ ಅಚ್ಚು ತೆಗೆದು ಅಳತೆ ಮಾಡಿದ್ರು, 2013ರಲ್ಲಿ ನೇಚರ್ ಪತ್ರಿಕೆಲಿ ಬಂತು. ಮೊದಲ ತಲೆಮಾರಿನ ಮಿಶ್ರ ಮರಿಗಳೆಲ್ಲ ಉದ್ದ ಬಿಲದ ಕಡೆಯವು, ಮುಂದಿನ ತಲೆಮಾರಲ್ಲಿ ಸುರಂಗದ ಉದ್ದ ಒಂದು ಕಡೆ, ಹಿಂಬಾಗಿಲು ಇನ್ನೊಂದು ಕಡೆ ಅಂತ ಬೇರೆ ಬೇರೆಯಾಗಿ ಹಂಚಿಹೋಯ್ತು. ಅಂದ್ರೆ ಹಿಂಬಾಗಿಲು ಇಡೋ ಬುದ್ಧಿಯ ಒಂದು ಪಾಲು ರಕ್ತದಲ್ಲೇ ಬರುತ್ತೆ. ನನ್ನ ಇಲಿ ಬೇರೆ ಜಾತಿ, ಅದರ ಹುಲ್ಲಿನ ಬಿರಡೆಗೂ ಆ ಮಣ್ಣಿನ ಮುಚ್ಚಿಗೆಗೂ ಸಂಬಂಧ ಕಟ್ಟೋಕೆ ನಾನು ಹೋಗಲ್ಲ, ಗಾಳಿ ತಡೆಯೋಕೂ ತುರುಕಿರಬಹುದು. ಆದ್ರೆ ಎರಡು ಬಾಗಿಲು ಇರೋದನ್ನ ಆರಿಸ್ಕೊಂಡು ಒಂದನ್ನ ಸಡಿಲವಾಗಿ ಮುಚ್ಚಿಟ್ಟಿದ್ದು ಅವತ್ತು ಅದರ ಜೀವ ಉಳಿಸ್ತು, ಅದು ನಾನು ಕಣ್ಣಾರೆ ಕಂಡಿದ್ದು.

ಗಾಳಿ ಅಂದಾಗ ನೆನಪಾಯ್ತು. ಪೆಟ್ಟಿಗೆ ಒಳಗೆ ತೇವ ಕಟ್ಟಬಾರ್ದು ಅಂತ ಮುಚ್ಚಳದ ಕೆಳಗೆ ಡ್ರಿಲ್ ಹಾಕಿ ಸಣ್ಣ ಸಣ್ಣ ಆರು ತೂತು ಕೊರೆದಿದ್ದೆ, ನನ್ನ ಬುದ್ಧಿವಂತಿಕೆ. ನಾಲ್ಕೇ ದಿನದಲ್ಲಿ ಐದಕ್ಕೆ ಅಗಿದ ಕಾಗದ ಮೆತ್ತಿಬಿಟ್ಟಿತ್ತು. ಆರನೇದು ಮಾತ್ರ ಬಿಟ್ಟಿತ್ತು, ಅದು ಗೂಡಿಂದ ದೂರದ ಮೂಲೇಲಿ ಇದ್ದಿದ್ದು.

ಈಗ ಗೂಡು ಕಟ್ಟೋದು. ಲ್ಯಾಬಿನೋರು ಇದಕ್ಕೆ ಅಂಕ ಕೊಡ್ತಾರೆ, ರಾಬರ್ಟ್ ಡೀಕನ್ ಅನ್ನೋರು 2006ರಲ್ಲಿ ಬರೆದಿಟ್ಟ ವಿಧಾನ ಎಲ್ಲ ಕಡೆ ನಡೆಯುತ್ತೆ. 5 ಸೆಂಟಿಮೀಟರ್ ಚೌಕದ ಒತ್ತಿದ ಹತ್ತಿ ಬಿಲ್ಲೆ ಒಂದನ್ನ ಕತ್ತಲಾಗೋಕೆ ಒಂದು ಗಂಟೆ ಮುಂಚೆ ಹಾಕಿ ಬೆಳಗ್ಗೆ ನೋಡೋದು, ಬಿಲ್ಲೆ ಮುಟ್ಟೇ ಇಲ್ಲ ಅಂದ್ರೆ 1, ಪೂರ್ತಿ ಹರಿದು ಇಲಿಗಿಂತ ಎತ್ತರದ ಗೋಡೆ ಎದ್ದಿರೋ ಬಟ್ಟಲು ಆಗಿದ್ರೆ 5. ನಾನೂ ಅದೇ ಲೆಕ್ಕ ಇಟ್ಕೊಂಡೆ, ಆದ್ರೆ ಶೆಡ್ಡಲ್ಲಿ 5ಕ್ಕೆ ನಿಲ್ಲಲ್ಲ ಅದು, ಮೇಲೆ ಚಾವಣಿನೂ ಹಾಕ್ಬಿಡುತ್ತೆ. ಮುಚ್ಚಳಕ್ಕೆ ಗಾಜು ಹಾಕಿ ಕೆಂಪು ಬೆಳಕಲ್ಲಿ ಕೆಲವು ರಾತ್ರಿ ಕೂತು ನೋಡಿದೆ. ಇಲಿ ಹೊರಗೆ ಹೋಗಿ ಬಾಯ್ತುಂಬ ಸಾಮಾನು ಕಚ್ಚಿಕೊಂಡು ಬರುತ್ತೆ, ಬಾಗಿಲಲ್ಲಿ ಅಡ್ಡ ಸಿಕ್ಕಿಹಾಕ್ಕೊಂಡ್ರೆ ತಿರುಗಿಸಿ ಹಿಂದಕ್ಕೆ ನಡ್ಕೊಂಡು ಎಳೆಯುತ್ತೆ. ಒಳಗೆ ತಂದು ಸುಮ್ನೆ ಬೀಳಿಸುತ್ತೆ, ಜೋಡಿಸೋ ಗೋಜಿಗೇ ಹೋಗಲ್ಲ. ಒಂದು ರಾಶಿ ಆದ್ಮೇಲೆ ಅದರ ಮಧ್ಯಕ್ಕೆ ತಾನು ಹೋಗಿ ಕೂತ್ಕೊಂಡು, ಮುಂಗಾಲಲ್ಲಿ ಒಂದು ಎಳೆ ಹಿಡಿದು ಹಲ್ಲಲ್ಲಿ ಉದ್ದಕ್ಕೆ ಸೀಳುತ್ತೆ, ಸೀಳಿದ್ದನ್ನ ಎದೆ ಕೆಳಗೆ ತಳ್ಳುತ್ತೆ, ಸ್ವಲ್ಪ ತಿರುಗುತ್ತೆ, ಮತ್ತೊಂದು ಎಳೆ. ಮೂತಿಲಿ ಗೋಡೆನ ಹೊರಕ್ಕೆ ದಬ್ಬುತ್ತೆ. ಹೀಗೆ ತಿರುಗಿ ತಿರುಗಿ ತನ್ನ ಮೈಯನ್ನೇ ಅಚ್ಚಾಗಿಟ್ಕೊಂಡು ಬಟ್ಟಲು ಮಾಡುತ್ತೆ, ಕೊನೆಗೆ ಒಳಗಿಂದಲೇ ತಲೆ ಮೇಲೆ ಎಳ್ಕೊಂಡು ಮುಚ್ಚಿಬಿಡುತ್ತೆ. ಹೊರಗಿಂದ ನಿಂತು ಕಟ್ಟೋ ಕೆಲಸ ಒಂದೂ ಇಲ್ಲ.

ಸಾಮಾನಿನಲ್ಲಿ ನನ್ನ ಅಂದಾಜು ಪೂರ್ತಿ ತಲೆಕೆಳಗಾಯ್ತು. ಹತ್ತಿ ಮೊದಲು ಖಾಲಿ ಆಗುತ್ತೆ ಅಂದ್ಕೊಂಡಿದ್ದೆ, ಹಂಗಾಗ್ಲಿಲ್ಲ, ಮೊದಲೆರಡು ರಾತ್ರಿ ಹೋಗಿದ್ದು ಬರೀ ಒಣಹುಲ್ಲು ಮತ್ತೆ ಸೆಣಬು. ಬರೀ ಹತ್ತಿ ಇಟ್ಟಾಗ ಕಟ್ಟಿದ ಗೂಡು ಮಾರನೇ ದಿನ ಕುಸಿದು ಹಾಸಿಗೆ ಆಗಿತ್ತು, ಒರಟು ನಾರು ಇದ್ರೇನೇ ಗೋಡೆ ನಿಲ್ಲೋದು. ಮೆತ್ತಂದು ಒಳಗಡೆಗೆ, ಅದೂ ಕೊನೆಗೆ.

ಹತ್ತಿಯಿಂದಲೇ ನನ್ನ ಮೊದಲ ದೊಡ್ಡ ತಪ್ಪೂ ಆಗಿದ್ದು. ಮರಿ ಹಾಕಿ ಆರನೇ ದಿನ ನೋಡಿದ್ರೆ ಒಂದು ಮರಿ ಬಾಕಿದ್ದಕ್ಕಿಂತ ದೂರ ಬಿದ್ದಿದೆ, ಹಿಂಗಾಲು ಊದಿ ಕಡುನೀಲಿ. ಹತ್ತಿಯ ಉದ್ದ ಎಳೆ ಕಣಕಾಲಿಗೆ ಸುತ್ತಿ ಬಿಗಿದು ದಾರದ ಗಂಟೇ ಆಗಿಬಿಟ್ಟಿತ್ತು. ಉಗುರು ಕತ್ತರಿಸೋ ಸಣ್ಣ ಕತ್ತರಿಲಿ ಕೈ ನಡುಗ್ತಾ ನಡುಗ್ತಾ ಬಿಡಿಸಿದೆ. ಆ ಮರಿ ಮಾರನೇ ದಿನ ಇರ್ಲಿಲ್ಲ, ತಾಯಿ ಏನು ಮಾಡ್ತು ಅಂತ ಹೇಳ್ಬೇಕಾಗಿಲ್ಲ. ಅವತ್ತಿಂದ ಉದ್ದ ಎಳೆ ಇರೋ ಹತ್ತಿ, ದಾರ, ಉಣ್ಣೆ ಯಾವುದೂ ಇಡಲ್ಲ, ಟಿಶ್ಯೂ ಪೇಪರ್ ಸಾಕು, ಅದನ್ನ ಇಲಿನೇ ಸೀಳಿ ಹತ್ತಿ ತರ ಮಾಡ್ಕೊಳ್ಳುತ್ತೆ.

ಗೂಡು ಯಾಕೆ ಅಂದ್ರೆ ಎಲ್ಲರೂ ಅಡಗೋಕೆ ಅಂತಾರೆ. ಅಡಗೋಕೆ ಪೆಟ್ಟಿಗೆ ಸಾಕಲ್ಲ, ಗೂಡು ಇರೋದು ಬಿಸಿಗೆ. 15 ಗ್ರಾಂ ಮೈಯಿಂದ ಶಾಖ ಸೋರಿಹೋಗೋ ವೇಗ ನಮಗೆ ಊಹೆನೇ ಆಗಲ್ಲ. ಇಲಿಗೆ ಮೈ ಬಿಸಿ ಕಾಯ್ಕೊಳ್ಳೋಕೆ ಹೆಚ್ಚು ಖರ್ಚಿಲ್ಲದೆ ಇರೋ ಉಷ್ಣಾಂಶ ಸುಮಾರು 30 ಡಿಗ್ರಿ, ನಮಗೆ ಹಾಯಾಗಿರೋ 22 ಡಿಗ್ರಿ ಅದಕ್ಕೆ ಚಳಿ. ಬ್ರಿಯಾನಾ ಗ್ಯಾಸ್ಕಿಲ್ ಮತ್ತೆ ಜೊತೆಗಾರರು 2012ರಲ್ಲಿ ಲ್ಯಾಬ್ ಇಲಿಗಳಿಗೆ ಬೆಚ್ಚಗಿನ ಪಂಜರ ಬೇಕಾ, ಗೂಡಿನ ಸಾಮಾನು ಬೇಕಾ ಅಂತ ಆಯ್ಕೆ ಕೊಟ್ಟು ನೋಡಿದ್ರು, ಒಂದು ಇಲಿಗೆ 6ರಿಂದ 10 ಗ್ರಾಂ ಸಾಮಾನು ಕೊಡ್ಬೇಕು ಅಂತ ಅವರ ಸಲಹೆ. ನನ್ನ ತಕ್ಕಡಿ ಲೆಕ್ಕನೂ ಅದರ ಹತ್ತಿರವೇ ಬಂತು, ಒಂಟಿ ಇಲಿ ಚಳಿ ರಾತ್ರಿಲಿ 7–8 ಗ್ರಾಂ ಎಳ್ಕೊಂಡು ಹೋಗ್ತಿತ್ತು, ಸೆಕೆ ಬಂದಾಗ 2 ಗ್ರಾಂ ಕೂಡ ಇಲ್ಲ, ಚಾವಣಿ ತೆಗೆದು ಗೋಡೆ ಕೆಡವಿ ಅದರ ಮೇಲೇ ಮಲಗ್ತಿತ್ತು. ಬಸುರಿ ಆದಾಗ ಮಾತ್ರ ಈ ಲೆಕ್ಕ ನಡೆಯಲ್ಲ. ಹೊಟ್ಟೆ ಇನ್ನೂ ಕಾಣೋ ಮುಂಚೆನೇ, ಶೆಡ್ಡು ಬೆಚ್ಚಗಿದ್ರೂನೂ, ಒಂದೇ ವಾರದಲ್ಲಿ ಸಾಮಾನು ಎರಡು ಮೂರು ಪಟ್ಟು ಆಗೋಯ್ತು, ಪ್ರೊಜೆಸ್ಟಿರೋನ್ ಹಾರ್ಮೋನ್ ಏರೋದ್ರಿಂದ ಹೀಗೆ ಆಗುತ್ತೆ. ಮರಿ ಹಾಕಿದ್ಮೇಲೆ ಸೆನ್ಸರ್ ತುದಿ ಗೂಡಿನ ಪಕ್ಕದಿಂದ ತೂರಿಸಿ ನೋಡಿದೆ, ಹೊರಗೆ 17, ಒಳಗೆ 30. ತಾಯಿ ಹೊರಗೆ ಹೋದ್ರೂ ಕಾಲು ಗಂಟೆ ತನಕ 26ಕ್ಕಿಂತ ಕೆಳಗೆ ಇಳೀಲಿಲ್ಲ. ಬೆತ್ತಲೆ ಮರಿಗಳಿಗೆ ಆ ಕಾಲು ಗಂಟೆನೇ ಜೀವ, ಅಷ್ಟರೊಳಗೆ ತಾಯಿ ತಿಂದು ಬರ್ಬೇಕು.

ಕೆರಲ್ ಲಿಂಚ್ ಅನ್ನೋರು ಹೆಚ್ಚು ಸಾಮಾನು ಎಳೆಯೋ ಇಲಿಗಳನ್ನ ಹೆಚ್ಚಿನವುಗಳ ಜೊತೆ, ಕಮ್ಮಿ ಎಳೆಯೋವನ್ನ ಕಮ್ಮಿಯವುಗಳ ಜೊತೆ ತಲೆಮಾರು ತಲೆಮಾರು ಕೂಡಿಸ್ತಾ ಹೋಗಿ ದೊಡ್ಡ ಗೂಡಿನ ವಂಶ, ಸಣ್ಣ ಗೂಡಿನ ವಂಶ ಅಂತ ಬೇರೆ ಮಾಡಿಬಿಟ್ರು, 1980ರಲ್ಲಿ ಪ್ರಕಟ ಆಯ್ತು. ಆಮೇಲೆ ಅಮೆರಿಕದ ಉತ್ತರದ ಮೇಯ್ನ್‌ನಿಂದ ದಕ್ಷಿಣದ ಫ್ಲಾರಿಡಾ ತನಕ ಕಾಡು ಚಿಟ್ಟಿಲಿ ಹಿಡಿಸಿ, ಲ್ಯಾಬಲ್ಲಿ ಒಂದೇ ತರ ಇಟ್ಟು ನೋಡಿದ್ರೂ ಉತ್ತರದವು ದೊಡ್ಡ ಗೂಡೇ ಕಟ್ಟಿದವು. ಇದಕ್ಕಿಂತ ನನ್ನ ತಲೇಲಿ ಉಳಿದಿರೋದು ಲಾರಿ ಅನ್ನೋ ಸಂಶೋಧಕಿ 1946ರಲ್ಲಿ ಬರೆದ ಕೋಲ್ಡ್ ಸ್ಟೋರೇಜ್ ಇಲಿಗಳು. ಮೈನಸ್ 10 ಡಿಗ್ರಿ ಆಸುಪಾಸಿನ, ಯಾವಾಗಲೂ ಕತ್ತಲಿರೋ ಮಾಂಸದ ಗೋದಾಮಲ್ಲಿ ಇದೇ ಮಸ್ ಮಸ್ಕ್ಯುಲಸ್ ಬದುಕಿ, ಗೂಡು ಕಟ್ಟಿ ಮರಿ ಹಾಕ್ತಾ ಇತ್ತು. ನಮಗೆ ಸ್ವೆಟರ್ ಹಾಕ್ಕೊಂಡ್ರೂ ಅರ್ಧ ಗಂಟೆ ನಿಲ್ಲೋಕಾಗದ ಜಾಗ.

ಎರಡನೇ ದೊಡ್ಡ ತಪ್ಪು ಸ್ವಚ್ಛತೆ. ಮೊದಲನೇ ಸಂಸಾರ ಖಾಲಿ ಆದ್ಮೇಲೆ ನಾಲ್ಕನೇ ಪೆಟ್ಟಿಗೆಯನ್ನ ಡಿಟರ್ಜೆಂಟ್ ಹಾಕಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ ಅದೇ ಜಾಗದಲ್ಲೇ ಇಟ್ಟೆ, ಹೊಸ ಪೇಂಟ್ ಹೊಡೆದ ಬಾಡಿಗೆ ಮನೆ ತರ. ಒಂದು ತಿಂಗಳು ಯಾರೂ ಬರ್ಲಿಲ್ಲ. ಇವು ದಾರಿಯನ್ನೂ ಮನೆಯನ್ನೂ ಮೂತ್ರದ ಗುರುತಿನಿಂದಲೇ ತಮ್ಮದು ಅಂತ ತಿಳ್ಕೊಳ್ಳೋದು, ನಾನು ಆ ಪಹಣಿ ಪತ್ರನೇ ತೊಳೆದು ಚರಂಡಿಗೆ ಬಿಟ್ಟಿದ್ದೆ. ಈಗ ಹಳೇ ಗೂಡನ್ನ ನೆನೆಸಿ ತೆಗೀತೀನಿ, ತಳ ಮಾತ್ರ ಬ್ಲೀಚ್ ನೀರಲ್ಲಿ ಒರೆಸ್ತೀನಿ, ಗೋಡೆ ಬಾಗಿಲು ಮುಟ್ಟಲ್ಲ.

ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು, ಅವಸರ. ಎರಡನೇ ಸಲ ಮರಿ ಹಾಕಿದಾಗ ದಿನಾ ಮುಚ್ಚಳ ತೆಗೆದು ಎಣಿಸ್ತಿದ್ದೆ. ಏಳು ಮರಿ. ನಾಲ್ಕನೇ ದಿನ ಎಣಿಸುವಾಗ ಒಂದು ನನ್ನ ಗ್ಲೌಸಿಗೆ ಅಂಟಿ ಹುಲ್ಲಿನ ಹೊರಗೆ ಬಿತ್ತು, ವಾಪಸ್ ಇಟ್ಟೆ, ಮುಚ್ಚಿದೆ. ಆ ರಾತ್ರಿ ವಿಡಿಯೋದಲ್ಲಿ ಹತ್ತೂವರೆಗೆ ತಾಯಿ ಮುಂಬಾಗಿಲಲ್ಲಿ ತಲೆ ಹಾಕಿ ಬಹಳ ಹೊತ್ತು ಗಾಳಿ ಮೂಸ್ತಾ ನಿಂತಿತ್ತು. ಆಮೇಲೆ ಒಂದು ಮರಿಯನ್ನ ಹೊಟ್ಟೆ ಹತ್ತಿರ ಅಡ್ಡಲಾಗಿ ಕಚ್ಚಿ ಹೊರಗೆ ಬಂತು, ಮರಿ ಮುದುರಿಕೊಂಡು ಕಡಲೆಕಾಳಿನ ಹಾಗೆ ಗುಂಡಗೆ. ಗೋಡೆ ಗೆರೆ ಹಿಡಿದು ಹೋಯ್ತು, ಒಂದೂವರೆ ನಿಮಿಷಕ್ಕೆ ಬಂತು, ಎರಡನೇದು. ಏಳಕ್ಕೆ ಇಪ್ಪತ್ತು ನಿಮಿಷ. ಅದಾದ್ಮೇಲೂ ಮೂರು ಸಲ ಖಾಲಿ ಪೆಟ್ಟಿಗೆಗೆ ಬಂದು ಹುಡುಕಿ ಹೋಯ್ತು, ಎಣಿಸೋಕೆ ಬರಲ್ಲ ಅನ್ಸುತ್ತೆ ಅದಕ್ಕೆ, ಗೂಡಲ್ಲಿ ಮರಿಯ ಕೀರಲು ಕೇಳ್ತಿದೆಯಾ ಇಲ್ವಾ ಅಂತ ನೋಡ್ತಿತ್ತೇನೋ. ಆ ಕೀರಲು ನಮ್ಮ ಕಿವಿಗೆ ಬೀಳದಷ್ಟು ತಾರಸ್ಥಾಯಿಯ ದನಿ. ಬೆಳಗ್ಗೆ ಎದ್ದು ಎಲ್ಲಿಗೆ ಸಾಗಿಸ್ತು ಅಂತ ಹುಡುಕಿದೆ, ಎಲ್ಲ ಹಲಗೆ, ಎಲ್ಲ ಚೀಲ ಎತ್ತಿ ಮೂರು ಗಂಟೆ. ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರಲ್ಲ, ನನಗೆ ಇಲಿನೂ ಸಿಗ್ಲಿಲ್ಲ. ಎರಡು ದಿನ ಬಿಟ್ಟು ಸಿಕ್ಕಿದ್ದು ಅದೇ ಹಳೇ ಟೂಲ್ ಬಾಕ್ಸಿನ ಹಿಂದೆ, ಕಬ್ಬಿಣಕ್ಕೂ ಗೋಡೆಗೂ ನಡುವಿನ ಎರಡು ಬೆರಳಿನ ಸಂದಿಲಿ. ನಾನು ಪೆಟ್ಟಿಗೆಗೆ ಕೊಟ್ಟಿದ್ದ ಟಿಶ್ಯೂ ಅರ್ಧಕ್ಕರ್ಧ ಅಲ್ಲಿತ್ತು, ಮರಿ ಜೊತೆ ಹಾಸಿಗೆನೂ ಸಾಗಿಸಿತ್ತು.

ಸ್ವಿಟ್ಜರ್ಲೆಂಡಿನಲ್ಲಿ ಜ್ಯೂರಿಕ್ ಹತ್ತಿರ ಒಂದು ಹಳೇ ಕೊಟ್ಟಿಗೇಲಿ ಬಾರ್ಬರಾ ಕ್ಯೋನಿಗ್ ಅವರ ತಂಡ 2002ರಿಂದ ವರ್ಷಗಟ್ಟಲೆ ಕಾಡು ಚಿಟ್ಟಿಲಿ ಗಮನಿಸ್ತು, 40 ಗೂಡು ಪೆಟ್ಟಿಗೆ, ಬಾಗಿಲಲ್ಲಿ ಆಂಟೆನಾ, ಇಲಿ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಚಿಪ್. ಯಾವ ಇಲಿ ಯಾವ ಪೆಟ್ಟಿಗೇಲಿ ಎಷ್ಟು ಹೊತ್ತು ಇತ್ತು ಅಂತ ಮುಚ್ಚಳ ಮುಟ್ಟದೆ ದಾಖಲಾಗ್ತಿತ್ತು. ಅಲ್ಲಿ ಹೆಣ್ಣುಗಳು ಒಂದೇ ಗೂಡಲ್ಲಿ ಮರಿ ಹಾಕಿ ನಿಂದು ನಂದು ಅನ್ನದೆ ಎಲ್ಲಕ್ಕೂ ಹಾಲು ಕೊಡೋದು ಕಂಡಿದೆ. ನನ್ನ ಹತ್ರ ಆಂಟೆನಾ ಇಲ್ಲ, ಕ್ಯಾಮೆರಾ ಒಂದನ್ನ ಎರಡು ಮಾಡ್ಕೊಂಡೆ, ಪೆಟ್ಟಿಗೆ ಕೆಳಗೆ ತಕ್ಕಡಿ ಇಟ್ಟೆ. ಒಳಗೆ ಎಷ್ಟು ಭಾರ ಇದೆ ಅಂತ ಮುಚ್ಚಳ ತೆಗೀದೇನೇ ಗೊತ್ತಾಗುತ್ತೆ.

ಇಲಿ ಬೇಡಾಗಿರೋರಿಗೆ ಇದರಿಂದ ಉಪಯೋಗ ಇದ್ಯಾ ಅಂದ್ರೆ, ಇದೆ. ಬೋನನ್ನ ನೆಲದ ಮಧ್ಯೆ ಇಡಬೇಡಿ, ಗೋಡೆ ಬುಡಕ್ಕೆ ಇಡಿ. ಪೆನ್ಸಿಲ್ ತೂರೋ ಸಂದಿ ಕಂಡ್ರೂ ಮುಚ್ಚಿ, ಬಟ್ಟೆ ತುರುಕಬೇಡಿ, ಅದನ್ನ ಹಾಸಿಗೆ ಮಾಡ್ಕೊಳ್ಳುತ್ತೆ, ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ. ಗೋಡೆಗೆ ತಾಗಿರೋ ಸಾಮಾನನ್ನ ಒಂದಡಿ ಈಚೆಗೆ ಎಳೆದಿಡಿ. ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ "ಇಷ್ಟು ತಿಳ್ಕೊಳ್ಳೋಕೆ ಒಂದು ವರ್ಷ ಬೇಕಾಯ್ತೇನೋ" ಅಂದ್ರು.

ಸದ್ಯಕ್ಕೆ ನಾಲ್ಕನೇ ಪೆಟ್ಟಿಗೇಲಿ ಎರಡು ಹೆಣ್ಣು ಇವೆ, ಒಂದಕ್ಕೆ ಬಲ ಕಿವಿ ಹರಿದಿದೆ, ಅದರಿಂದ ಗುರುತು ಸಿಗುತ್ತೆ. ಒಂದು ಹೊರಗೆ ಬಂದ್ರೆ ಇನ್ನೊಂದು ಒಳಗೇ ಇರುತ್ತೆ. ಕಳೆದ ಒಂಬತ್ತು ದಿನದಲ್ಲಿ ತಕ್ಕಡಿ 31 ಗ್ರಾಂ ಏರಿದೆ, ಅದರಲ್ಲಿ ಹುಲ್ಲೆಷ್ಟು ಮರಿಯೆಷ್ಟು ಅಂತ ಗೊತ್ತಾಗಲ್ಲ. ಇನ್ನೂ ನಾಲ್ಕೈದು ದಿನಕ್ಕೆ ಮರಿಗಳು ಕಣ್ಣು ಬಿಡುತ್ತವೆ, ಮೂರು ವಾರ ತುಂಬೋ ಹೊತ್ತಿಗೆ ತಾವಾಗೇ ಬಾಗಿಲಿಗೆ ಬರುತ್ತವೆ, ಆವಾಗ ಕ್ಯಾಮೆರಾದಲ್ಲಿ ಎಣಿಸ್ಕೊಳ್ತೀನಿ. ಹಿಂಬಾಗಿಲಿಗೆ ಈ ಸಲ ಹುಲ್ಲಲ್ಲ, ನನ್ನ ಹೊಸ ಗ್ಲೌಸಿನ ಹೆಬ್ಬೆರಳು ತುರುಕಿದೆ.